ಫೂಟ್ ಎತ್ತಿ ದಾರ ಹಾಕಿ: ಹೊಲಿಗೆ ಮಷಿನ್ ಜೊತೆ ಒಂದು ವರ್ಷ

ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೊಗಳಿಕೆಗಿಂತ ಬೈಗುಳ ಕೆಲವು ಕಡೆ ಜಾಸ್ತಿ ಇದೆ, ಅದರಲ್ಲಿ ಅರ್ಧ ನನಗೇ ಸೇರಬೇಕಾದದ್ದು. ಮನೆಬಳಕೆಯ ಕರೆಂಟ್ ಮಷಿನ್ ಇದು. ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆಯೇ ಬಾಬಿನ್, ಅದು ಕೂರುವ ಗೂಡು ಬಾಬಿನ್ ಕೇಸ್; ಇದು ಆ ಕೇಸನ್ನು ಮುಂದಿನಿಂದ ಹಾಕುವ ಮಾದರಿ. ನೇರ ಹೊಲಿಗೆ, ಜಿಗ್‌ಜಾಗ್, ಕಾಜಾ, ಜೊತೆಗೆ ಡಬ್ಬಿಯ ಮೇಲೆ ಚೆಂದ ಕಾಣಲೆಂದೇ ಸೇರಿಸಿದ ಒಂದಷ್ಟು ಹೂವು-ಎಲೆಯ ಹೊಲಿಗೆಗಳು. ಒಂದು ವರ್ಷದಲ್ಲಿ ಪರದೆ, ದಿಂಬಿನ ಕವರು, ಜೀನ್ಸ್ ಅಂಚು, ಹರಿದದ್ದಕ್ಕೆಲ್ಲ ತೇಪೆ, ಮತ್ತೆ ಸಂಡೇ ಸ್ಕೂಲ್ ಮಕ್ಕಳ ಕ್ರಿಸ್‌ಮಸ್ ನಾಟಕಕ್ಕೆ ಹದಿನಾಲ್ಕು ಉಡುಪು ಹೊಲಿದಿದ್ದೇನೆ. ಹಾಗಾಗಿ ಎರಡು ದಿನ ಬಳಸಿ ಬರೆದ ರಿವ್ಯೂ ಅಲ್ಲ.

ಸಂಡೇ ಸ್ಕೂಲ್ ಮಾತು ಸುಮ್ಮನೆ ಬಂದದ್ದಲ್ಲ. ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಪಾಠ ಹೇಳುವವಳು ನಾನು. ನಮ್ಮ ಪಾಸ್ಟರ್ ಕಳೆದ ವರ್ಷ ಎಲ್ಲ ಟೀಚರುಗಳಿಗೂ ಒಂದು ಕೆಲಸ ಕೊಟ್ಟರು: ಪ್ರತಿ ವಾರ ದಿನನಿತ್ಯದ ಬದುಕಿನಿಂದ ಒಂದು ವಸ್ತುವನ್ನೋ ಘಟನೆಯನ್ನೋ ತೆಗೆದುಕೊಂಡು ಅದರಿಂದ ವಿಶ್ವಾಸದ ಪಾಠ ಹೇಳಬೇಕು. ನಿಜ ಹೇಳಬೇಕೆಂದರೆ ನನಗೆ ಅದು ರುಚಿಸಲಿಲ್ಲ. ಛತ್ರಿ ಕಂಡರೆ ದೇವರ ಆಶ್ರಯ, ಟಾರ್ಚ್ ಕಂಡರೆ ಲೋಕದ ಬೆಳಕು, ಮೊಬೈಲ್ ಚಾರ್ಜರ್ ಕಂಡರೆ ಪ್ರಾರ್ಥನೆ. ಎಷ್ಟು ಕೇಳಿಲ್ಲ ನಾವು! ವಸ್ತುವಿನ ಮುಖವನ್ನೇ ಸರಿಯಾಗಿ ನೋಡದೆ ಅದರ ತಲೆಯ ಮೇಲೆ ಒಂದು ವಾಕ್ಯ ಅಂಟಿಸುವ ಕೆಲಸ ಅದು. ಮಕ್ಕಳಿಗೆ ಇದು ನಮಗಿಂತ ಬೇಗ ಗೊತ್ತಾಗುತ್ತದೆ. ಹೀಗೆ ಗೊಣಗುತ್ತಿದ್ದ ದಿನಗಳಲ್ಲೇ ಈ ಮಷಿನ್ ಮನೆಗೆ ಬಂತು. ಆಮೇಲೆ ಆದದ್ದು ಕೇಳಿ.

ಮೊದಲ ದಿನವೇ ಗೋಜಲು. ಮೇಲಿನಿಂದ ನೋಡಿದರೆ ಹೊಲಿಗೆ ಮುತ್ತು ಪೋಣಿಸಿದ ಹಾಗೆ. ಬಟ್ಟೆ ತಿರುಗಿಸಿದರೆ ಕೆಳಗೆ ಹಕ್ಕಿಗೂಡು. ದಾರ ಸುರುಳಿ ಸುರುಳಿಯಾಗಿ ಜೋತಾಡುತ್ತಿತ್ತು, ಹತ್ತು ಹೊಲಿಗೆ ಮುಂದೆ ಹೋಗುವಷ್ಟರಲ್ಲಿ ಬಟ್ಟೆಯೇ ಪ್ಲೇಟಿಗೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಗೋಜಲು ಕೆಳಗೆ ಇದೆ, ಹಾಗಾದರೆ ತಪ್ಪು ಕೆಳಗಿನ ದಾರದ್ದೇ ಅಂತ ತೀರ್ಮಾನ ಮಾಡಿದೆ. ಬಾಬಿನ್ ಬಿಚ್ಚಿ ಮತ್ತೆ ಸುತ್ತಿದೆ. ಬಾಬಿನ್ ಬದಲಿಸಿದೆ. ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ಬಿಗಿ ಮಾಡಿದೆ, ಸಡಿಲ ಮಾಡಿದೆ, ಇನ್ನಷ್ಟು ಬಿಗಿ ಮಾಡಿದೆ. ದಾರ ಬದಲಿಸಿದೆ. ಕೊನೆಗೆ ಕೈ ಮುಗಿದು ಕೂತೆ.

ಎರಡು ವಾರ ಇದೇ ಕಥೆ. ಆ ಎರಡು ವಾರದಲ್ಲಿ ನಾನು ಮಾಡಿದ ದೊಡ್ಡ ಕೆಲಸವೆಂದರೆ ಇದನ್ನೆಲ್ಲ ಪಾಠ ಮಾಡಿದ್ದು. ಕರ್ತನು ನನಗೆ ತಾಳ್ಮೆ ಕಲಿಸುತ್ತಿದ್ದಾನೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ, ಅಂದರೆ ಪತ್ರದ, 12ನೇ ಅಧ್ಯಾಯದಲ್ಲಿ ಸ್ಥಿರಚಿತ್ತದಿಂದ ಓಡುವ ಮಾತು ಬರುತ್ತದಲ್ಲ, ಅದನ್ನು ತೆಗೆದು ಮಕ್ಕಳ ಮುಂದೆ ಇಟ್ಟೆ. ಗೋಜಲಾದ ಬಟ್ಟೆಯ ತುಂಡನ್ನೂ ತೆಗೆದುಕೊಂಡು ಹೋಗಿದ್ದೆ. ಕಣ್ಣಲ್ಲಿ ಒಂದಿಷ್ಟು ನೀರು ಕೂಡ ಬಂತು ಅಂತ ಕಾಣುತ್ತದೆ.

ಮೂರನೇ ವಾರ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ, ಸಂಗೀತ ಕೇಳಿ. ಮುಕ್ಕಾಲು ಗಂಟೆ ಹೋಯಿತು. ಈ ಸೇವೆಗೆ ನಾನು ಐದಕ್ಕೆ ಒಂದು ನಕ್ಷತ್ರ ಕೊಡುತ್ತೇನೆ, ಅದೂ ಕೊನೆಗೆ ಸಿಕ್ಕ ಆ ಹುಡುಗಿಯ ಮುಖ ನೋಡಿ, ಅಂದರೆ ದನಿ ಕೇಳಿ. ನಾನು ನನ್ನ ಕಷ್ಟವನ್ನೆಲ್ಲ ಹೇಳಿಕೊಂಡೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ, ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಬಗ್ಗೆ.

"ಮೇಡಂ, ಮೇಲಿನ ದಾರ ಹಾಕುವಾಗ ಫೂಟ್ ಎತ್ತಿದ್ರಾ, ಇಳಿಸಿದ್ರಾ?"

ಇಳಿಸಿದ್ದೆ. ಪ್ರತಿ ಸಲವೂ ಇಳಿಸಿಯೇ ಹಾಕಿದ್ದೆ, ಅದೇ ಅಚ್ಚುಕಟ್ಟು ಅಂತ.

ಇದು ಹೊಸದಾಗಿ ಮಷಿನ್ ತೆಗೆದುಕೊಳ್ಳುವ ಎಲ್ಲರಿಗೂ ಬೇಕಾಗುವ ವಿಷಯ, ಬಿಡಿಸಿ ಹೇಳುತ್ತೇನೆ. ಮೇಲಿನ ದಾರ ಎರಡು ಪುಟ್ಟ ಲೋಹದ ಬಿಲ್ಲೆಗಳ ನಡುವೆ ಹಾದು ಬರುತ್ತದೆ. ದಾರಕ್ಕೆ ಬೇಕಾದ ಬಿಗಿ ಸಿಗುವುದು ಅಲ್ಲಿ. ಫೂಟ್ ಎತ್ತಿದಾಗ ಬಿಲ್ಲೆಗಳು ಬಾಯಿ ತೆರೆಯುತ್ತವೆ, ಇಳಿಸಿದಾಗ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಬಾಯಿಯ ಮೇಲೆ ದಾರ ಎಳೆದರೆ ಅದು ಒಳಗೆ ಕೂರುವುದಿಲ್ಲ, ಹೊರಗೇ ಜಾರುತ್ತದೆ. ಹಿಡಿತವಿಲ್ಲದ ಮೇಲಿನ ದಾರ ಬೇಕಾದಷ್ಟು ಕೆಳಗಿಳಿದು ಅಲ್ಲಿ ಗೂಡು ಕಟ್ಟುತ್ತದೆ. ಒಳ್ಳೆಯ ಹೊಲಿಗೆಯಲ್ಲಿ ಎರಡು ದಾರಗಳು ಬಟ್ಟೆಯ ದಪ್ಪದೊಳಗೆ, ನಟ್ಟನಡುವೆ ಕೊಂಡಿ ಹಾಕಿಕೊಳ್ಳಬೇಕು. ಮೇಲೂ ಕಾಣಬಾರದು, ಕೆಳಗೂ ಕಾಣಬಾರದು. ಕೆಳಗೆ ಸುರುಳಿ ಕಂಡರೆ ತಪ್ಪನ್ನು ಮೊದಲು ಮೇಲೆ ಹುಡುಕಬೇಕು. ಪುಸ್ತಿಕೆಯಲ್ಲಿ ಚಿತ್ರ ಸಮೇತ ಇತ್ತು. ನಾನು ಪುಸ್ತಿಕೆಯ ಪ್ಲಾಸ್ಟಿಕ್ ಕವರನ್ನೇ ಹರಿದಿರಲಿಲ್ಲ.

ಆ ಬಾಬಿನ್ ಕೇಸಿನ ಸ್ಕ್ರೂ ಪಾಪ ಎಷ್ಟು ತಿರುಗಿತ್ತೋ. ತಪ್ಪು ಮಾಡದ್ದಕ್ಕೆ ಎರಡು ವಾರ ಶಿಕ್ಷೆ ಕೊಟ್ಟಿದ್ದೆ. ತಪ್ಪು ಕಾಣಿಸಿಕೊಂಡ ಜಾಗ ಒಂದು, ತಪ್ಪು ಇರುವ ಜಾಗ ಇನ್ನೊಂದು ಎಂಬುದು ಆವತ್ತು ರಾತ್ರಿ ಬಹಳ ಹೊತ್ತು ತಲೆಯಲ್ಲಿ ಉಳಿಯಿತು. ಯಾಕೆಂದರೆ ಅದೇ ತಿಂಗಳು ನನ್ನ ಮಗ ಮನೆಯಲ್ಲಿ ಬಾಗಿಲು ಬಡಿದುಕೊಂಡು ಓಡಾಡುತ್ತಿದ್ದ. ನಾನು ಅವನ ಮನೆಯ ನಡವಳಿಕೆಯ ಸ್ಕ್ರೂವನ್ನೇ ಬಿಗಿ ಮಾಡುತ್ತಾ ಬಂದಿದ್ದೆ: ಟಿವಿ ಬಂದ್, ಫೋನ್ ಬಂದ್. ಮಾರನೆಯ ದಿನ ಪಕ್ಕದಲ್ಲಿ ಕೂತು ಶಾಲೆಯ ವಿಷಯ ಕೇಳಿದೆ. ಗೋಜಲು ಅಲ್ಲಿತ್ತು, ತರಗತಿಯಲ್ಲಿ, ಹಿಂದಿನ ಬೆಂಚಿನ ಇಬ್ಬರ ಜೊತೆ. ಸಹೋದರನ ಕಣ್ಣಿನ ರವೆ, ತನ್ನ ಕಣ್ಣಿನ ತೊಲೆ ಎಂದು ಯೇಸು ಹೇಳಿದ್ದನ್ನು ನಾನು ವರ್ಷಾನುಗಟ್ಟಲೆ ಬೇರೆಯವರ ಮೇಲೆ ತೀರ್ಪು ಮಾಡಬಾರದು ಅಂತ ಮಾತ್ರ ಪಾಠ ಮಾಡಿದ್ದೆ. ತೊಲೆ ಇರುವ ಕಣ್ಣಿಗೆ ರವೆ ಎಲ್ಲಿದೆ ಅನ್ನುವುದೇ ಸರಿಯಾಗಿ ಕಾಣುವುದಿಲ್ಲ ಅಂತಲೂ ಆತ ಹೇಳಿದ್ದಾನಲ್ಲ! ಮೊದಲು ಅದನ್ನು ತೆಗೆ, ಆಮೇಲೆ ಚೆನ್ನಾಗಿ ಕಾಣುತ್ತದೆ ಅಂತ.

ಮುಂದಿನ ಭಾನುವಾರ ಮಕ್ಕಳ ಹತ್ತಿರ ಒಪ್ಪಿಕೊಂಡೆ. ಹೋದ ವಾರದ ಪಾಠ ತಪ್ಪು, ಫೂಟ್ ಎತ್ತಿರಲಿಲ್ಲ ಅಂದೆ. ಮುಂದೆ ಕೂತ ಹುಡುಗಿ ಕೇಳಿದಳು, "ಹಾಗಾದ್ರೆ ದೇವರು ನಿಮಗೆ ತಾಳ್ಮೆ ಕಲಿಸಲಿಲ್ವಾ ಆಂಟಿ?"

"ಪುಸ್ತಿಕೆ ಓದು ಅಂತ ಹೇಳ್ತಾ ಇದ್ನೋ ಏನೋ, ನಾನು ತಾಳ್ಮೆ ಕಲಿಯೋದ್ರಲ್ಲಿ ಬ್ಯುಸಿ ಇದ್ದೆ" ಅಂದೆ. ಇಡೀ ವರ್ಷದಲ್ಲಿ ಅವರು ನೆನಪಿಟ್ಟುಕೊಂಡ ಪಾಠ ಇದೊಂದೇ. ಈಗಲೂ ಯಾರಾದರೂ ಏನಾದರೂ ಮರೆತರೆ "ಫೂಟ್ ಎತ್ತಿಲ್ಲ" ಅಂತ ನಗುತ್ತಾರೆ.

ಇನ್ನು ಮಷಿನ್‌ನ ಗುಣದೋಷಕ್ಕೆ ಬರೋಣ.

ದಾರ ಸರಿಯಾಗಿ ಹಾಕಿದ ಮೇಲೆ ಹತ್ತಿ ಬಟ್ಟೆಯ ಮೇಲೆ ಈ ಮಷಿನ್ ಓಡುವುದನ್ನು ನೋಡುವುದೇ ಖುಷಿ. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರಿಗೆ ಇಟ್ಟು, 90/14 ಸೂಜಿ (ಇದು ಸೂಜಿಯ ದಪ್ಪದ ಅಳತೆ) ಹಾಕಿ, ಬಟ್ಟೆಯನ್ನು ಎಳೆಯದೆ ಸುಮ್ಮನೆ ದಾರಿ ತೋರಿಸಿದರೆ ಸಾಕು. ಎಳೆಯದೆ ಎಂಬುದು ಮುಖ್ಯ. ಕೆಳಗಿನ ಹಲ್ಲುಗಳು ತಾವೇ ಬಟ್ಟೆಯನ್ನು ಮುಂದಕ್ಕೆ ಒಯ್ಯುತ್ತವೆ. ನಾವು ಅವಸರ ಮಾಡಿ ಹಿಂದಿನಿಂದ ಎಳೆದರೆ ಸೂಜಿ ಬಾಗಿ ಪ್ಲೇಟಿಗೆ ಬಡಿದು ಮುರಿಯುತ್ತದೆ. ಮೂರು ಸೂಜಿ ಹೀಗೆ ಕಳೆದಿದ್ದೇನೆ. ಸದ್ದು ಕಡಿಮೆ. ರಾತ್ರಿ ಪಕ್ಕದ ಕೋಣೆಯಲ್ಲಿ ಯಜಮಾನರು ಮಲಗಿದ್ದರೂ ಹೊಲಿಯಬಹುದು.

ಸೂಜಿಗೆ ದಾರ ಹಾಕಿಕೊಡುವ ಪುಟ್ಟ ಕೊಕ್ಕೆ ಇದೆ, ಜಾಹೀರಾತಿನಲ್ಲಿ ಅದನ್ನೇ ದೊಡ್ಡದಾಗಿ ತೋರಿಸುತ್ತಾರೆ. ಮೂರನೇ ವಾರಕ್ಕೆ ಬಾಗಿತು, ಐದನೇ ವಾರಕ್ಕೆ ಮುರಿಯಿತು. ಬಲ್ಬಿನ ಬೆಳಕು ಸೂಜಿಯ ಎಡಕ್ಕೆ ಮಾತ್ರ ಬೀಳುತ್ತದೆ. ಕಾಲಿನ ಪೆಡಲ್ ಹಗುರ, ನುಣುಪು ನೆಲದ ಮೇಲೆ ಅದು ಮುಂದೆ ಮುಂದೆ, ನಾವು ಹಿಂದೆ ಹಿಂದೆ. ಅಡಿಯಲ್ಲಿ ರಬ್ಬರ್ ಚಾಪೆ ಹಾಕಿಕೊಳ್ಳಿ.

ದಪ್ಪ ಬಟ್ಟೆಗೆ ಈ ಮಷಿನ್ ಅಲ್ಲ. ಜೀನ್ಸ್ ಅಂಚು ಮಡಚುವಾಗ ಪಕ್ಕದ ಜೋಡಣೆ ಬರುವ ಜಾಗದಲ್ಲಿ ಪದರದ ಮೇಲೆ ಪದರ ಸೇರಿ ಗುಡ್ಡ ಆಗುತ್ತದೆ. ಫೂಟ್ ಗುಡ್ಡ ಹತ್ತುವಾಗ ಮೂಗು ಮೇಲೆ ಮಾಡುತ್ತದೆ, ಹೊಲಿಗೆ ತಪ್ಪುತ್ತದೆ. ಉಪಾಯ ಇದೆ: ಫೂಟಿನ ಹಿಂದೆ ಅಷ್ಟೇ ದಪ್ಪದ ರಟ್ಟಿನ ಮಡಿಕೆ ಇಟ್ಟರೆ ಅದು ಸಮತಟ್ಟಾಗುತ್ತದೆ, 100/16 ಸೂಜಿ ಹಾಕಿ, ಪೆಡಲ್ ಬಿಟ್ಟು, ಬಲಗಡೆಯ ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ತಿರುಗಿಸುತ್ತಾ ಒಂದೊಂದೇ ಹೊಲಿಗೆ ದಾಟಿಸಬೇಕು. ಬೈಬಲಿನ ಹಲವು ಪತ್ರಿಕೆಗಳನ್ನು ಬರೆದ ಪೌಲನೂ ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರದ ಕೆಲಸ ಮಾಡಿದವನು. ಅವನ ಬಟ್ಟೆಯನ್ನು ಈ ಮಷಿನ್‌ಗೆ ಕೊಟ್ಟಿದ್ದರೆ ಪತ್ರಿಕೆಗಳಲ್ಲಿ ತಾಳ್ಮೆಯ ಬಗ್ಗೆ ಇನ್ನೂ ನಾಲ್ಕು ಮಾತು ಜಾಸ್ತಿ ಇರುತ್ತಿತ್ತೋ ಏನೋ.

ಈಗ ತೇಪೆಯ ಕಥೆ.

ಹಳೆಯ ಹತ್ತಿಯ ಹಾಸು ಬಟ್ಟೆ, ತೊಳೆದು ತೊಳೆದು ಹೂವಿನಷ್ಟು ಮೆದು. ನಡುವೆ ಅಂಗೈಯಗಲ ಹರಿದಿತ್ತು. ಹೊಸ ಹತ್ತಿ ಬಟ್ಟೆಯ ತುಂಡು ಕತ್ತರಿಸಿ, ಅಂಚು ಮಡಚಿ, ಸುತ್ತಲೂ ಜಿಗ್‌ಜಾಗ್ ಹಾಕಿದೆ. ಮಷಿನ್‌ನ ಜಿಗ್‌ಜಾಗ್ ನಿಜಕ್ಕೂ ಚೆನ್ನಾಗಿದೆ, ಒಂದು ಹೊಲಿಗೆಯೂ ತಪ್ಪಲಿಲ್ಲ. ಸವರಿ ನೋಡಿದೆ, ಮಟ್ಟಸ. ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ.

ಮೊದಲ ಸಲ ತೊಳೆದಾಗ ತೇಪೆಯ ಅಂಚು ಸ್ವಲ್ಪ ಮುದುಡಿತು. ಎರಡನೆಯ ಸಲ ಹಗ್ಗದ ಮೇಲೆ ಹರವಿದಾಗ ನೋಡುತ್ತೇನೆ, ತೇಪೆ ಕುಗ್ಗಿ ಗಟ್ಟಿಯಾಗಿ ಹಪ್ಪಳದ ಹಾಗೆ ನಿಂತಿದೆ. ಸುತ್ತಲಿನ ಹಳೆ ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಮೂರು ಬದಿಯಲ್ಲಿ ಹರಿದಿದೆ. ಹರಿದದ್ದು ಹೊಲಿಗೆ ಅಲ್ಲ. ಹೊಲಿಗೆ ಕಲ್ಲಿನ ಹಾಗೆ ಗಟ್ಟಿ ಇತ್ತು. ಹೊಲಿಗೆಯ ಹೊರಗಿನ ಸಾಲಿನಲ್ಲಿ, ಸೂಜಿ ತೂತು ಮಾಡಿದ ಪಕ್ಕದಲ್ಲೇ, ಹಳೆ ಬಟ್ಟೆ ಸೀಳಿತ್ತು. ಮೊದಲು ಅಂಗೈಯಗಲ ಇದ್ದ ತೂತು ಈಗ ತಟ್ಟೆಯಗಲ.

ಹಗ್ಗದ ಮುಂದೆ ನಿಂತು ಜೋರಾಗಿ ನಕ್ಕುಬಿಟ್ಟೆ. ಮಾರ್ಕನ ಸುವಾರ್ತೆ 2ನೇ ಅಧ್ಯಾಯ, 21ನೇ ವಚನ. ಹೊಸ ಬಟ್ಟೆಯ ತುಂಡನ್ನು ಯಾರೂ ಹಳೇ ವಸ್ತ್ರಕ್ಕೆ ತೇಪೆ ಹಚ್ಚುವುದಿಲ್ಲ, ಹಚ್ಚಿದರೆ ತೇಪೆ ಹಳೆಯದನ್ನು ಎಳೆದು ಹರಕು ಹೆಚ್ಚಾಗುತ್ತದೆ. ಇಷ್ಟು ವರ್ಷ ಈ ವಚನದ ಮೇಲೆ ಎಷ್ಟು ಪಾಠ ಹೇಳಿದ್ದೇನೆ! ಹಳೆಯ ಜೀವನ, ಹೊಸ ಜೀವನ, ಐದು ನಿಮಿಷ, ಆಮೆನ್. ಅದು ಬಟ್ಟೆ ಕುಗ್ಗುವ ಮಾತು ಅಂತ ಒಂದು ಸಲವೂ ನಿಂತು ಯೋಚಿಸಿರಲಿಲ್ಲ. ಯಾರೂ ಹಚ್ಚುವುದಿಲ್ಲ ಎಂದು ಯೇಸು ಹೇಳುವಾಗ ಕೇಳುತ್ತಿದ್ದ ಹೆಂಗಸರು ಮುಸಿಮುಸಿ ನಕ್ಕಿರಬೇಕು ಅಂತ ನನಗೆ ಅನಿಸುತ್ತದೆ. ಅಷ್ಟು ದಡ್ಡರು ಯಾರಿದ್ದಾರೆ? ನಾನಿದ್ದೆ.

ಆ ಹಾಸು ಬಟ್ಟೆಯನ್ನು ತರಗತಿಗೆ ಒಯ್ದೆ. ಈ ಸಲ ಪಾಠ ಮೊದಲೇ ಬರೆದುಕೊಂಡಿರಲಿಲ್ಲ. ಮಕ್ಕಳ ಕೈಗೆ ಕೊಟ್ಟು, ಏನಾಗಿದೆ ಹೇಳಿ ಅಂದೆ. ಬೆರಳಾಡಿಸಿದರು, ಬೆಳಕಿಗೆ ಹಿಡಿದರು. "ತೇಪೆ ಜಾಸ್ತಿ ಗಟ್ಟಿ ಆಗಿತ್ತು" ಅಂದ ಒಬ್ಬ. "ತೇಪೆ ಮೊದಲೇ ನೆನೆಸಬೇಕಿತ್ತು, ನಮ್ಮಮ್ಮ ಹಾಗೇ ಮಾಡ್ತಾರೆ" ಅಂದಳು ಇನ್ನೊಬ್ಬಳು. ಆಮೇಲೆ ವಚನ ಓದಿದೆವು. ಅದಕ್ಕೆ ಮೊದಲು ಬರುವ ಪ್ರಶ್ನೆಯನ್ನೂ ಓದಿದೆವು: ಸ್ನಾನಿಕನಾದ ಯೋಹಾನನ ಶಿಷ್ಯರು ಉಪವಾಸ ಮಾಡುತ್ತಾರೆ, ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರು ಮಾಡುತ್ತಾರೆ, ನಿನ್ನ ಶಿಷ್ಯರು ಯಾಕೆ ಮಾಡುವುದಿಲ್ಲ? ಅಂದರೆ ಅವರು ಕೇಳುತ್ತಿದ್ದದ್ದು ಒಂದು ತೇಪೆ. ತಮ್ಮ ಹಳೆಯ ಬಟ್ಟೆಯನ್ನು ಹಾಗೇ ಇಟ್ಟುಕೊಂಡು ಯೇಸುವನ್ನು ಅದಕ್ಕೆ ಹೊಂದುವಷ್ಟು ಕತ್ತರಿಸಿ ಹಚ್ಚಿಕೊಳ್ಳಬಹುದೇ ಅಂತ. ಲೂಕನ ಸುವಾರ್ತೆಯಲ್ಲಿ ಇನ್ನೊಂದು ವಿವರ ಇದೆ: ಅಲ್ಲಿ ತುಂಡನ್ನು ಹೊಸ ವಸ್ತ್ರದಿಂದಲೇ ಹರಿದು ತೆಗೆಯುತ್ತಾರೆ. ಹಳೆಯದು ಉಳಿಯುವುದಿಲ್ಲ, ಹೊಸದೂ ಹಾಳು. ಹೊಲಿಗೆ ಬಲ್ಲವರಿಗೆ ಇದು ಹೊಟ್ಟೆಗೆ ಬೀಳುವ ಮಾತು.

ಇದರಲ್ಲಿ ಮಷಿನ್‌ನ ತಪ್ಪು ಎಳ್ಳಷ್ಟೂ ಇಲ್ಲ. ಬಟ್ಟೆಯನ್ನು ತೊಳೆದು ಒಣಗಿಸಿ ಆಮೇಲೆ ಕತ್ತರಿಸಿ, ಅಷ್ಟೇ.

ಆಮೇಲೆ ನಾನು ಪಾಠ ಹುಡುಕುವ ಚಾಳಿಗೆ ಬಿದ್ದೆ ಅಂದುಕೊಳ್ಳಬೇಡಿ. ಎಲ್ಲದರಲ್ಲೂ ಪಾಠ ಇರುವುದಿಲ್ಲ. ಕೈಸೂಜಿಯ ಕಣ್ಣು ಹಿಂದೆ ಇರುತ್ತದೆ, ಮಷಿನ್ ಸೂಜಿಯ ಕಣ್ಣು ಮೊನೆಯ ಹತ್ತಿರ. ಕಣ್ಣನ್ನು ಮೊನೆಗೆ ತಂದ ಸೂಜಿ, ಕೆಳಗೆ ಎರಡನೆಯ ದಾರ ಒಯ್ಯುವ ಶಟಲ್, ಇವೆರಡನ್ನೂ ಸೇರಿಸಿದ ಯಂತ್ರಕ್ಕೆ ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಇವತ್ತಿನ ಮನೆಯ ಮಷಿನ್‌ಗಳೂ ಅದೇ ಎರಡು ದಾರದ ಹೊಲಿಗೆ ಹಾಕುತ್ತವೆ. ಇದರಿಂದ ಒಂದು ಆತ್ಮಿಕ ಪಾಠ ಹಿಂಡಲು ಅರ್ಧ ದಿನ ಕೂತಿದ್ದೆ. ಬರಲಿಲ್ಲ. ಒಳ್ಳೆಯ ಸೂಜಿ, ಅಷ್ಟೇ. ಎಂಟು ಗಂಟೆಯ ಹೊಲಿಗೆಗೊಮ್ಮೆ ಬದಲಿಸಿ, ಚಪ್ಪಟೆ ಬದಿ ಹಿಂದಕ್ಕೆ ಇರಲಿ.

ಬಾಬಿನ್ ಕೇಸಿನದು ಮಾತ್ರ ಬೇರೆ. ಕೆಡಿಸಿದ ಸ್ಕ್ರೂವನ್ನು ಮತ್ತೆ ಹದಕ್ಕೆ ತರುವುದು ಹೇಗೆ ಅಂತ ರಿಪೇರಿಯವರು ತೋರಿಸಿಕೊಟ್ಟರು. ಬಾಬಿನ್ ತುಂಬಿದ ಕೇಸನ್ನು ದಾರದ ತುದಿಯಲ್ಲಿ ಹಿಡಿದು ಜೇಡರ ಹುಳದ ಹಾಗೆ ನೇತು ಬಿಡಬೇಕು. ತನ್ನ ಭಾರಕ್ಕೆ ತಾನೇ ಜಾರಿ ಬಿದ್ದರೆ ಸಡಿಲ. ಕೈ ಚಿಮ್ಮಿದರೂ ಅಲುಗದಿದ್ದರೆ ಬಿಗಿ. ಸುಮ್ಮನಿದ್ದಾಗ ನಿಂತಿರಬೇಕು, ಮೆಲ್ಲಗೆ ಚಿಮ್ಮಿದರೆ ಒಂದಿಷ್ಟು ಇಳಿದು ಮತ್ತೆ ನಿಲ್ಲಬೇಕು. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನೇತು ಬಿಡುವುದು, ಮತ್ತೆ ತಿರುಗಿಸುವುದು. ಆ ಹಿರಿಯರು ಇದನ್ನು ಮಾಡುವಾಗ ಉಸಿರು ಹಿಡಿದಿದ್ದರು. ಮಗನ ವಿಷಯದಲ್ಲಿ ನಾನು ಈಗಲೂ ಇಷ್ಟು ಹದ ಕಲಿತಿಲ್ಲ.

ಡಬ್ಬಿಯಲ್ಲಿ ಬರುವ ಸಾಮಾನುಗಳಲ್ಲಿ ಬೆಸ್ಟ್ ಯಾವುದೆಂದರೆ ಹೊಲಿಗೆ ಬಿಚ್ಚುವ ಕೊಕ್ಕೆ. ಹರಿತ, ಹಿಡಿ ಸರಿಯಾಗಿದೆ. ನಾಟಕದ ಉಡುಪು ಹೊಲಿಯುವಾಗ ಹೊಲಿದಷ್ಟೇ ಬಿಚ್ಚಿದ್ದೇನೆ. ದೇವದೂತನ ಒಂದು ತೋಳನ್ನು ಒಳಹೊರಗು ಮಾಡಿ ಎರಡು ಸಲ ಕೂಡಿಸಿದೆ. ಮೂರನೇ ಸಲ ಸರಿ ಬಂತು. ಬಿಚ್ಚಿದ ಜಾಗದಲ್ಲಿ ಸೂಜಿ ತೂತಿನ ಗುರುತು ಕೆಲವು ದಿನ ಉಳಿಯುತ್ತದೆ, ತೊಳೆದ ಮೇಲೆ ಹತ್ತಿಯಲ್ಲಾದರೆ ಬಹುಪಾಲು ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಾದರೆ ಕಷ್ಟ.

ಕಾಜಾ ಹಾಕುವ ವ್ಯವಸ್ಥೆ ಸುಲಭ. ಫೂಟಿನ ಹಿಂದಿನ ತೊಟ್ಟಿಲಲ್ಲಿ ಗುಂಡಿ ಇಟ್ಟರೆ ಅದರ ಅಳತೆಗೆ ಮಷಿನ್ ತಾನೇ ಕಾಜಾ ಹಾಕುತ್ತದೆ. ಮಕ್ಕಳಿಗೆ ತೋರಿಸಿದಾಗ ಇದೇ ಎಲ್ಲರಿಗೂ ಇಷ್ಟವಾಯಿತು. ಆವತ್ತು ಆದಾಮ-ಹವ್ವರ ಪಾಠ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಮೊದಲು ಹೊಲಿದವರು ಅವರೇ, ಅಂಜೂರದ ಎಲೆ, ಅದೂ ಅಡಗಿಕೊಳ್ಳಲು. ಅದೇ ಅಧ್ಯಾಯದ ಕೊನೆಯಲ್ಲಿ ದೇವರೇ ಅವರಿಗೆ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ತೋಟದಿಂದ ಹೊರಗೆ ಕಳಿಸುವ ಮೊದಲು ಬಟ್ಟೆ ಮಾಡಿಕೊಟ್ಟದ್ದು ಗಮನಿಸಿದ್ರಾ ಅಂತ ನಾನು ಗಂಭೀರವಾಗಿ ಕೇಳುತ್ತಿದ್ದರೆ, ಹಿಂದಿನಿಂದ ಒಬ್ಬ ಕೈ ಎತ್ತಿದ. "ಆಂಟಿ, ಅದಕ್ಕೆ ಗುಂಡಿ ಇತ್ತಾ?" ಉತ್ತರ ಗೊತ್ತಿರುವವರು ತಿಳಿಸಿ.

ಹೊಲಿಗೆ ಪ್ಲೇಟ್ ಬಿಚ್ಚಿ ದೂಳು ತೆಗೆಯುವುದನ್ನು ಮರೆಯಬೇಡಿ. ಹತ್ತಿಯ ನಾರು ಹಲ್ಲುಗಳ ನಡುವೆ ಸೇರಿ ಕಂಬಳಿಯಷ್ಟು ದಪ್ಪ ಆಗುತ್ತದೆ. ಜೊತೆಗೆ ಕೊಟ್ಟ ಕುಂಚ ಸಾಕು. ಬಾಬಿನ್ ಕೇಸ್ ಕೂರುವ ಜಾಗಕ್ಕೆ ಒಂದೇ ಹನಿ ಮಷಿನ್ ಎಣ್ಣೆ. ಎರಡು ಹನಿ ಬಿಟ್ಟರೆ ಮುಂದಿನ ಬಿಳಿ ಬಟ್ಟೆ ಸಾಕ್ಷಿ ಹೇಳುತ್ತದೆ. ಕೆಲವು ಮಾದರಿಗಳಿಗೆ ಎಣ್ಣೆಯೇ ಬೇಡ, ಪುಸ್ತಿಕೆ ನೋಡಿ. ಪುಸ್ತಿಕೆ ನೋಡಿ ಅಂತ ಹೇಳುವ ಹಕ್ಕು ನನಗಿಲ್ಲ, ಆದರೂ.

ಕೊಳ್ಳಬೇಕೋ ಬೇಡವೋ? ಮನೆಯ ಹತ್ತಿ ಬಟ್ಟೆ, ಪರದೆ, ಮಕ್ಕಳ ಉಡುಪು ಇಷ್ಟೇ ಆದರೆ ಧಾರಾಳವಾಗಿ ಕೊಳ್ಳಿ. ಐದಕ್ಕೆ ನಾಲ್ಕು. ಜೀನ್ಸ್, ಬ್ಯಾಗು, ಸೋಫಾ ಕವರು ಹೊಲಿಯುವವರು ಇನ್ನೂ ಗಟ್ಟಿಯಾದದ್ದನ್ನು ನೋಡಿ. ಸೂಜಿಗೆ ದಾರ ಹಾಕುವ ಕೊಕ್ಕೆಗೆ ಮರುಳಾಗಿ ದುಬಾರಿ ಮಾದರಿಗೆ ಹೋಗಬೇಡಿ.

ಇಷ್ಟು ಬರೆದ ಮೇಲೆ ಅನಿಸುತ್ತಿದೆ, ಹೊಲಿಗೆಗೆ ರಿವ್ಯೂ ಕೊಡುವುದು ಹೇಗೆ ಅನ್ನುವುದನ್ನು ಯೊಪ್ಪದ ಆ ವಿಧವೆಯರು ನನಗಿಂತ ಚೆನ್ನಾಗಿ ಬಲ್ಲವರು. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ. ಬಟ್ಟೆ ಮಾಡಿಕೊಡುತ್ತಿದ್ದ ಶಿಷ್ಯೆ ತಬಿಥಾ ತೀರಿಕೊಂಡಿದ್ದಾಳೆ, ಯೇಸುವಿನ ಶಿಷ್ಯ ಪೇತ್ರನನ್ನು ಕರೆಸಿದ್ದಾರೆ, ಮೇಲಂತಸ್ತಿನ ಕೋಣೆ. ಆ ವಿಧವೆಯರು ಅಳುತ್ತಾ ಅವಳು ಜೊತೆಯಲ್ಲಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ತೋರಿಸಿದರು ಅಂತ ಇದೆ. ತಬಿಥಾಳ ಪ್ರಾರ್ಥನೆ ಎಂಥದ್ದು, ಅವಳು ಏನು ಕಲಿಸಿದಳು ಅನ್ನುವ ಒಂದು ಮಾತೂ ಅಲ್ಲಿ ಇಲ್ಲ. ಒಳಮೈ ತಿರುಗಿಸಿಯೂ ತೋರಿಸಿರಬೇಕು, ಹೊಲಿಗೆ ಬಲ್ಲ ಹೆಂಗಸರು ಮೊದಲು ನೋಡುವುದೇ ಅದನ್ನು.

ನಾಟಕ ಮುಗಿದ ಮೇಲೆ ಹದಿನಾಲ್ಕು ಉಡುಪುಗಳನ್ನೂ ತೊಳೆದು ಮಡಚಿ ಚರ್ಚಿನ ಬೀರುವಿನಲ್ಲಿ ಇಟ್ಟಿದ್ದೇವೆ. ಕುರುಬರ ನಿಲುವಂಗಿಗಳಲ್ಲಿ ಮೊದಲು ಹೊಲಿದ ಎರಡರ ಒಳಗೆ ಇನ್ನೂ ಹಕ್ಕಿಗೂಡು ಇದೆ. ಬಿಚ್ಚಿ ಮತ್ತೆ ಹೊಲಿಯಬೇಕು.